ಗೌರಿ ಹೂ: ಬೇಲಿಯ ಮೇಲಿನ ಬೆಂಕಿ ಬಣ್ಣದ ಬಳ್ಳಿಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನ, ಚಿಕ್ಕಮಗಳೂರು ಜಿಲ್ಲೆಗಳಲ್ಲಿ ಮುಂಗಾರು ಹಿಡಿದ ಮೇಲೆ ಕಾಡಿನಂಚು, ತೋಟದ ಬೇಲಿ, ಕೆರೆ ಏರಿ, ಲಂಟಾನ ಪೊದೆ ಹೀಗೆ ಎಲ್ಲಿ ನೋಡಿದರೂ ಕಾಣುವ ಹೂ ಇದು. ಗೌರಿ ಹಬ್ಬ ಹತ್ತಿರವಾದಂತೆ ಇದರ ಬಗ್ಗೆ ಕೇಳುವವರೂ ಹೆಚ್ಚುತ್ತಾರೆ. ಅರ್ಧ ಪ್ರಶ್ನೆಗಳು ಹೆಸರಿನ ಬಗ್ಗೆ, ಉಳಿದರ್ಧ ಗೆಡ್ಡೆಯ ಬಗ್ಗೆ. ಹೆಸರಿನ ಗೊಂದಲವೇ ಎಷ್ಟೋ ಸಲ ಗೆಡ್ಡೆಯ ಅನಾಹುತಕ್ಕೆ ದಾರಿಯಾಗುವುದರಿಂದ ಎರಡನ್ನೂ ಒಟ್ಟಿಗೇ ಬರೆದಿದ್ದೇನೆ. ಅವಸರದಲ್ಲಿರುವವರಿಗೆ ಇಷ್ಟು ಸಾಕು: ಹೂ ಕೊಯ್ಯಿರಿ, ಗೆಡ್ಡೆ ಅಗೆಯಬೇಡಿ. ಮನೆಯಲ್ಲಿ ಯಾರಾದರೂ ಈಗಾಗಲೇ ತಿಂದಿದ್ದರೆ ಇದನ್ನು ಓದುತ್ತ ಕೂರದೆ 108ಕ್ಕೆ ಫೋನ್ ಮಾಡಿ.

ಗೌರಿ ಹೂ ಅಂದರೆ ಯಾವುದು? ನಮ್ಮ ಮನೆಯಲ್ಲಿ ಕರ್ಣಕುಂಡಲಕ್ಕೆ ಹಾಗನ್ನುತ್ತಾರೆ.

ನಿಮ್ಮ ಮನೆಯವರು ಹೇಳುವುದೂ ಸರಿಯೇ. ಹಬ್ಬದ ಹೊತ್ತಿಗೆ ಅರಳಿ ಗೌರಮ್ಮನಿಗೆ ಏರುವ ಹೂವಿಗೆ ಗೌರಿ ಹೂ ಅನ್ನುವ ರೂಢಿ ಊರೂರಲ್ಲಿ ಇದೆ. ಹಿತ್ತಲಲ್ಲಿ ಗುಲಾಬಿ, ಬಿಳಿ, ನೇರಳೆ ಬಣ್ಣಗಳಲ್ಲಿ ಬಿಡುವ, ಬಲಿತ ಕಾಯಿ ಮುಟ್ಟಿದರೆ ಸಿಡಿಯುವ ಕರ್ಣಕುಂಡಲಕ್ಕೂ ಆ ಹೆಸರಿದೆ. ನಾನು ಇಲ್ಲಿ ಹೇಳುತ್ತಿರುವುದು ಬೇಲಿ ಹತ್ತುವ, ಹಳದಿ ಕೆಂಪು ಎಸಳುಗಳನ್ನು ಹಿಂದಕ್ಕೆ ಮಡಚಿಕೊಂಡು ನಿಲ್ಲುವ ಕಾಡುಬಳ್ಳಿಯ ಬಗ್ಗೆ. ಸಸ್ಯಶಾಸ್ತ್ರದಲ್ಲಿ ಇದು ಗ್ಲೋರಿಯೋಸಾ ಸುಪರ್ಬಾ, 1753ರಲ್ಲಿ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ ಇಟ್ಟ ಹೆಸರು. ಮೊದಲು ಲಿಲ್ಲಿ ಕುಟುಂಬಕ್ಕೆ ಸೇರಿಸಿದ್ದರು, ಈಗ ಕಾಲ್ಚಿಕೇಸಿ ಕುಟುಂಬದಲ್ಲಿಟ್ಟಿದ್ದಾರೆ. ಅದಕ್ಕೂ ಮುಂಚೆ, 1678ರಿಂದ 1693ರವರೆಗೆ ಹನ್ನೆರಡು ಸಂಪುಟಗಳಲ್ಲಿ ಅಚ್ಚಾದ ‘ಹೊರ್ಟುಸ್ ಮಲಬಾರಿಕುಸ್’ ಎಂಬ, ಮಲಬಾರಿನ ಗಿಡಗಳ ಲ್ಯಾಟಿನ್ ಗ್ರಂಥದಲ್ಲಿ ಮಲಯಾಳದ ಹೆಸರಾದ ‘ಮೆಂದೋನಿ’ ಎಂದೇ ಇದರ ಚಿತ್ರ ಬಂದಿತ್ತು.

ಇದಕ್ಕೆ ಇನ್ನೇನೇನು ಹೆಸರುಗಳಿವೆ?

ಕನ್ನಡದಲ್ಲೇ ಒಂದು ಹಿಡಿ ಸಿಗುತ್ತವೆ: ಅಗ್ನಿಶಿಖೆ, ಕೋಳಿಕುಟುಮ, ಹುಲಿಯುಗುರು, ಕರಡಿ ಕಣ್ಣಿನ ಗೆಡ್ಡೆ, ಅಕ್ಕತಂಗಿ ಬಳ್ಳಿ, ಶಿವಶಕ್ತಿ. ಆಯುರ್ವೇದದವರು ಲಾಂಗಲಿ ಅಥವಾ ಕಲಿಹಾರಿ ಅನ್ನುತ್ತಾರೆ. ಲಾಂಗಲ ಅಂದರೆ ನೇಗಿಲು. ಮಣ್ಣಿನೊಳಗಿನ ಗೆಡ್ಡೆ ಬಾಗಿರುವ ರೀತಿ ನೋಡಿದರೆ ಹೆಸರಿಟ್ಟವರು ಅಗೆದು ನೋಡಿಯೇ ಇಟ್ಟಿದ್ದಾರೆ ಅನ್ನುವುದು ಗೊತ್ತಾಗುತ್ತದೆ.

ಇಷ್ಟು ಹೆಸರಿದ್ದರೆ ಒಳ್ಳೆಯದೇ ತಾನೆ ಅನ್ನಬಹುದು. ತೊಂದರೆ ಏನೆಂದರೆ ಇವುಗಳಲ್ಲಿ ಕೆಲವು ಹೆಸರು ಇದೊಂದಕ್ಕೇ ಮೀಸಲಿಲ್ಲ. ಸಂಸ್ಕೃತದ ನಿಘಂಟುಗಳಲ್ಲಿ ಅಗ್ನಿಶಿಖಾ ಅಂದರೆ ಕೇಸರಿಯೂ ಆಗುತ್ತದೆ. ಹಾಗಾಗಿ ವಾಟ್ಸ್ಆ್ಯಪ್‌ನಲ್ಲಿ ‘ಗೌರಿ ಹೂವಿನ ಗೆಡ್ಡೆಯ ಕಷಾಯ’, ‘ಅಗ್ನಿಶಿಖೆಯ ಪುಡಿ’ ಎಂದೆಲ್ಲ ಬರುವ ಮನೆಮದ್ದುಗಳನ್ನು ಹೆಸರು ನಂಬಿ ಮಾಡಿ ಕುಡಿಯಬೇಡಿ. ಕಳಿಸಿದವರ ಮನಸ್ಸಿನಲ್ಲಿದ್ದ ಗಿಡ ಯಾವುದೋ, ನಿಮ್ಮ ಬೇಲಿಯಲ್ಲಿರುವ ಗಿಡ ಯಾವುದೋ.

ಹಾಗಾದರೆ ಖಚಿತವಾಗಿ ಗುರುತು ಹಿಡಿಯುವುದು ಹೇಗೆ?

ಹೂ ಇದ್ದಾಗ ಯಾರು ಬೇಕಾದರೂ ಗುರುತು ಹಿಡಿಯುತ್ತಾರೆ. ಹೂವಿಲ್ಲದ ಕಾಲದಲ್ಲಿ ಎಲೆಯ ತುದಿ ನೋಡಿ. ಉದ್ದನೆಯ, ಬುಡದಲ್ಲಿ ಅಗಲವಾಗಿ ತುದಿಗೆ ಹೋದಂತೆ ಸಣ್ಣಗಾಗುವ ಎಲೆ. ನರಗಳು ಉದ್ದುದ್ದಕ್ಕೆ ಸಮಾನಾಂತರವಾಗಿ ಓಡುತ್ತವೆ. ತುದಿ ಮಾತ್ರ ಎಲೆಯಂತೆ ಮುಗಿಯುವುದಿಲ್ಲ: ದಾರದಂತೆ ಸಣ್ಣಗಾಗಿ ಸುರುಳಿ ಸುತ್ತಿಕೊಂಡು ಪಕ್ಕದ ಕಡ್ಡಿಯನ್ನೋ ತಂತಿಯನ್ನೋ ಹಿಡಿದಿರುತ್ತದೆ. ಈ ಬಳ್ಳಿಯ ಕಾಂಡ ಅವರೆ ಬಳ್ಳಿಯ ಹಾಗೆ ಕೋಲನ್ನು ಸುತ್ತುವುದಿಲ್ಲ. ಮೇಲೆ ಹತ್ತುವ ಕೆಲಸವನ್ನೆಲ್ಲ ಎಲೆಯ ತುದಿಗಳೇ ಮಾಡುತ್ತವೆ. ಬೇಲಿಯಿಂದ ಬಳ್ಳಿ ಎಳೆದು ನೋಡಿ, ಎಲೆ ಹರಿದರೂ ಸುರುಳಿ ತಂತಿ ಬಿಡುವುದಿಲ್ಲ.

ಎಳೆಯ ಬಳ್ಳಿಯ ಕೆಳಗಿನ ಎಲೆಗಳಲ್ಲಿ ಈ ಸುರುಳಿ ಇರದೆಯೂ ಇರಬಹುದು. ಮೇಲಿನ ಎಲೆಗಳನ್ನೇ ನೋಡಬೇಕು.

ಹೂ ಒಂದೊಂದಾಗಿ ಉದ್ದನೆಯ ತೊಟ್ಟಿನಲ್ಲಿ ತಲೆ ತಗ್ಗಿಸಿಕೊಂಡು ಬಿಡುತ್ತದೆ. ಆರು ಎಸಳು, ಅಂಚೆಲ್ಲ ಅಲೆಅಲೆ. ಹೂ ನೆಲ ನೋಡುತ್ತಿದ್ದರೂ ಎಸಳುಗಳು ಹಿಂದಕ್ಕೆ ಮಡಚಿ ಆಕಾಶದ ಕಡೆ ತಿರುಗಿರುತ್ತವೆ. ಆರು ಕೇಸರಗಳು ಚಕ್ರದ ಅರಗಳಂತೆ ಸುತ್ತ ಚಾಚಿರುತ್ತವೆ. ಇನ್ನೊಂದು ವಿಚಿತ್ರ ಇದೆ, ಕೈಯಲ್ಲಿ ಹಿಡಿದು ನೋಡಿದರೆ ಮಾತ್ರ ಕಾಣುವುದು: ನಡುವಿನ ಹಸಿರು ಅಂಡಾಶಯದಿಂದ ಹೊರಡುವ ಶಲಾಕೆ, ಅಂದರೆ ತುದಿಯಲ್ಲಿ ಪರಾಗ ಹಿಡಿಯುವ ಕಡ್ಡಿ, ನೇರ ಕೆಳಗೆ ಇಳಿಯದೆ, ಬುಡದಲ್ಲೇ ಸರಿಯಾಗಿ ಒಂದು ಮೂಲೆಗೆ ಮುರಿದಂತೆ ಪಕ್ಕಕ್ಕೆ ತಿರುಗುತ್ತದೆ. ತನ್ನದೇ ಕೇಸರಗಳಿಂದ ದೂರ ಸರಿದು ಕೂತಂತೆ. ಹೊರಗಿನ ಹೂವಿನ ಪರಾಗ ಸಿಗಲಿ ಎಂಬ ಏರ್ಪಾಡು ಇದು. ಎಸಳಿನ ಬುಡದಲ್ಲಿರುವ ಮಧುವಿಗೆ ಬರುವ ಚಿಟ್ಟೆಯ ರೆಕ್ಕೆಗೆ ಒಂದು ಹೂವಿನ ಪರಾಗ ಮೆತ್ತಿಕೊಂಡು ಇನ್ನೊಂದು ಹೂವಿನ ಶಲಾಕೆಯ ತುದಿಗೆ ತಗಲುತ್ತದೆ. ಈ ಬಾಗಿದ ಶಲಾಕೆ ರೈತರಿಗೆ ಎಷ್ಟು ಕೆಲಸ ಕೊಡುತ್ತದೆ ಅನ್ನುವುದನ್ನು ಮುಂದೆ ಹೇಳುತ್ತೇನೆ.

ಒಂದೇ ಬಳ್ಳಿಯಲ್ಲಿ ಹಳದಿ ಹೂವೂ ಕೆಂಪು ಹೂವೂ ಇದೆ. ಎರಡು ಜಾತಿ ಸೇರಿಕೊಂಡಿದೆಯಾ?

ಒಂದೇ ಜಾತಿ. ಹೂ ಬಿರಿಯುವಾಗ ಹಸಿರು ಹಳದಿ, ದಿನ ಕಳೆದಂತೆ ತುದಿ ಕೇಸರಿ ಬಣ್ಣವಾಗಿ, ಕೊನೆಗೆ ಇಡೀ ಎಸಳು ಕಡು ಕೆಂಪಾಗುತ್ತದೆ. ಹಬ್ಬಕ್ಕೆ ಕೊಯ್ಯುವವರು ಅರ್ಧ ಹಳದಿ ಅರ್ಧ ಕೆಂಪು ಇರುವ ಹೂವನ್ನೇ ಆರಿಸುತ್ತಾರೆ, ಪೂರ್ತಿ ಕೆಂಪಾದದ್ದು ಬೇಗ ಬಾಡುತ್ತದೆ.

ನಮ್ಮ ಜಿಲ್ಲೆಗಳಲ್ಲಿ ಎಲ್ಲಿ, ಯಾವಾಗ ನೋಡಬಹುದು?

ದಟ್ಟ ಕಾಡಿನ ಒಳಗೆ ಹುಡುಕಬೇಡಿ. ಇದಕ್ಕೆ ಬಿಸಿಲೂ ಬೇಕು, ಹತ್ತಲು ಒಂದು ಆಸರೆಯೂ ಬೇಕು. ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ತೋಟದ ಅಂಚು, ರಸ್ತೆ ಬದಿಯ ದರೆ, ಕಾಡು ಮುಗಿದು ಗದ್ದೆ ಶುರುವಾಗುವ ಜಾಗ. ಬೇಲೂರು, ಅರಸೀಕೆರೆ, ಕಡೂರಿನ ಕಡೆ ಬಂದರೆ ಕುರುಚಲು ಕಾಡು, ಕಳ್ಳಿ ಬೇಲಿ, ಲಂಟಾನ ಮೆಳೆ. ಮಳೆ ಎಡೆಬಿಡದೆ ಸುರಿಯುವ ಘಟ್ಟದ ಅಂಚಿಗಿಂತ ಈ ಅರೆಮಲೆನಾಡು, ಬಯಲುಸೀಮೆಯ ಬೇಲಿಗಳಲ್ಲೇ ಹೂ ಚೆನ್ನಾಗಿ ಬಿಡುತ್ತದೆ ಅನ್ನುವುದು ನನ್ನ ಅಭಿಪ್ರಾಯ, ತೋಟದವರು ಒಪ್ಪಲಿಕ್ಕಿಲ್ಲ.

ಮುಂಗಾರಿನ ಮೊದಲ ಮಳೆಗಳಿಗೆ ಗೆಡ್ಡೆ ಚಿಗುರುತ್ತದೆ. ಜುಲೈ ಕೊನೆಯಿಂದ ಹೂ, ಆಗಸ್ಟ್ ಸೆಪ್ಟೆಂಬರ್ ಭರಾಟೆ, ಅಕ್ಟೋಬರ್ ಹೊತ್ತಿಗೆ ಕಾಯಿ. ಕಾಯಿ ಒಣಗಿ ಮೂರು ಹೋಳಾಗಿ ಬಿರಿದರೆ ಒಳಗೆ ಕಿತ್ತಳೆಗೆಂಪು ಬೀಜಗಳ ಸಾಲು. ಆಮೇಲೆ ಬಳ್ಳಿ ಒಣಗಿ ಹೋಗುತ್ತದೆ, ಗೆಡ್ಡೆ ಮಣ್ಣಿನಲ್ಲಿ ಮುಂದಿನ ಮಳೆಯವರೆಗೆ ಮಲಗುತ್ತದೆ.

ಇಷ್ಟು ವಿಷದ ಹೂವನ್ನು ದೇವರಿಗೆ ಇಡಬಹುದೇ?

ಶಾಸ್ತ್ರ ಹೇಳುವಷ್ಟು ಓದಿಲ್ಲ ನಾನು. ರೂಢಿಯಂತೂ ಇದೆ. ಭಾದ್ರಪದ ಶುದ್ಧ ತದಿಗೆಯಂದು ಸ್ವರ್ಣಗೌರಿ ವ್ರತ, ಮರುದಿನ ಚೌತಿ. ಆ ಎರಡು ದಿನ ಸಂತೆಯಲ್ಲಿ ಸೇವಂತಿಗೆ ಮಾರಿಗೆ ಏನು ಬೆಲೆ ಹೇಳುತ್ತಾರೋ ಹೇಳಲಿ, ಬೇಲಿಯ ಗೌರಿ ಹೂವಿಗೆ ದುಡ್ಡಿಲ್ಲ. ಅರಸೀಕೆರೆ ತಾಲ್ಲೂಕಿನ ಮಾಡಾಳು ಗೌರಮ್ಮನ ಜಾತ್ರೆಯೂ ಇದೇ ದಿನಗಳಲ್ಲಿ ನಡೆಯುತ್ತದೆ, ಹೋಗುವ ದಾರಿಯ ಬೇಲಿಗಳನ್ನು ನೋಡಿಕೊಂಡು ಹೋಗಿ. ದತ್ತೂರಿ, ಎಕ್ಕ, ಕಣಗಿಲೆ ಎಲ್ಲವೂ ವಿಷವೇ, ಎಲ್ಲವೂ ಪೂಜೆಗೆ ಬರುತ್ತವೆ. ಶಿವನ ಮನೆಯಲ್ಲಿ ವಿಷಕ್ಕೆ ಜಾಗ ಇಲ್ಲದಿದ್ದರೆ ಇನ್ನೆಲ್ಲಿ?

ಪೂಜೆಗೆ ಇಟ್ಟ ಹೂವನ್ನು ಪ್ರಸಾದದ ತಟ್ಟೆಯಲ್ಲಿ, ಕೋಸಂಬರಿ ಚರುಪಿನ ಪಕ್ಕದಲ್ಲಿ ಇಡಬೇಡಿ. ತೀರ್ಥದ ಪಾತ್ರೆಗೆ ಹಾಕಬೇಡಿ. ನಿರ್ಮಾಲ್ಯವನ್ನು ದನದ ಬಾನಿಗೆ ಸುರಿಯುವ ಅಭ್ಯಾಸ ಇರುವವರು ಇದನ್ನು ಬೇರೆ ತೆಗೆದು ಗೊಬ್ಬರದ ಗುಂಡಿಗೆ ಹಾಕಿ.

ಹೂ ಮುಟ್ಟಿದರೆ, ಮುಡಿದರೆ ಏನಾದರೂ ಆಗುತ್ತದೆಯೇ?

ಹೂ ಮುಟ್ಟಿದ್ದಕ್ಕೆ ವಿಷ ಏರುವುದಿಲ್ಲ. ಆದರೆ ಗಿಡದ ರಸ ಕೆಲವರ ಚರ್ಮಕ್ಕೆ ತುರಿಕೆ ತರುತ್ತದೆ. ಕೊಯ್ದ ಮೇಲೆ ಕೈ ತೊಳೆಯಿರಿ, ತೊಳೆಯುವ ತನಕ ಕಣ್ಣು ಬಾಯಿ ಮುಟ್ಟಬೇಡಿ. ಎಲ್ಲವನ್ನೂ ಬಾಯಿಗೆ ಹಾಕುವ ವಯಸ್ಸಿನ ಮಗು ಮನೆಯಲ್ಲಿದ್ದರೆ ಈ ಹೂ ಬೇಡವೇ ಬೇಡ. ಬೀಜ ನೋಡಲು ಪೆಪ್ಪರ್‌ಮೆಂಟಿನ ಬಣ್ಣ, ಅದಕ್ಕೇ ಹೆಚ್ಚು ಭಯ.

ಗೆಡ್ಡೆ ಅಷ್ಟು ವಿಷವೇ? ಚೆನ್ನಾಗಿ ಬೇಯಿಸಿದರೆ ಹೋಗುವುದಿಲ್ಲವೇ?

ಹೋಗುವುದಿಲ್ಲ. ಕೆಸವಿನ ತುರಿಕೆ ಹುಣಸೆಹಣ್ಣಿಗೆ ಇಳಿಯುತ್ತದೆ, ಕೆಲವು ಕಾಡುಗೆಡ್ಡೆಗಳ ಕಹಿ ಹರಿಯುವ ನೀರಿನಲ್ಲಿಟ್ಟರೆ ತೊಳೆದುಹೋಗುತ್ತದೆ. ಮಲೆನಾಡಿನವರಿಗೆ ಈ ವಿದ್ಯೆ ಗೊತ್ತಿರುವುದರಿಂದಲೇ ಈ ಪ್ರಶ್ನೆ ಬರುವುದು. ಗೌರಿ ಗೆಡ್ಡೆಯಲ್ಲಿರುವುದು ಕಾಲ್ಚಿಸಿನ್ ಎಂಬ ಸಸ್ಯಕ್ಷಾರ (ಆಲ್ಕಲಾಯ್ಡ್). ಅದು ಕುದಿಸಿದರೂ ಒಣಗಿಸಿದರೂ ಜಗ್ಗುವುದಿಲ್ಲ. ಇಡೀ ಗಿಡದಲ್ಲಿ ಇದೆ, ಗೆಡ್ಡೆ ಮತ್ತು ಬೀಜದಲ್ಲಿ ಹೆಚ್ಚು.

ಕಾಲ್ಚಿಸಿನ್ ಮಾಡುವ ಮುಖ್ಯ ಕೆಲಸ ಇದು: ಜೀವಕೋಶ ಎರಡಾಗುವುದನ್ನು ತಡೆಯುತ್ತದೆ. ನಮ್ಮ ಮೈಯಲ್ಲಿ ಬೇಗ ಬೇಗ ಕೋಶ ಹುಟ್ಟುವ ಜಾಗಗಳು ಕರುಳಿನ ಒಳಪದರ, ರಕ್ತ ತಯಾರಾಗುವ ಮೂಳೆಯ ಮಜ್ಜೆ, ಕೂದಲ ಬುಡ. ಪೆಟ್ಟು ಬೀಳುವುದೂ ಅಲ್ಲಿಗೇ. ಅದಕ್ಕೇ ಮೊದಲು ವಾಂತಿ ಭೇದಿ, ಆಮೇಲೆ ರಕ್ತಕಣ ಕುಸಿತ, ಬದುಕುಳಿದವರಿಗೆ ಒಂದೆರಡು ವಾರದ ಮೇಲೆ ತಲೆಗೂದಲು ಉದುರುವುದು. ಶ್ರೀಲಂಕಾದಲ್ಲಿ ‘ನಿಯಂಗಲ’ ಎಂದು ಕರೆಯುವ ಇದೇ ಗೆಡ್ಡೆಯನ್ನು ಗೆಣಸೆಂದು ತಿಳಿದು ತಿಂದು ಸತ್ತವರ ವಿವರಗಳು ಅಲ್ಲಿನ ವೈದ್ಯರ ವರದಿಗಳಲ್ಲಿ ಸಾಕಷ್ಟಿವೆ.

ಇದೇ ಗುಣವನ್ನು ಸಸ್ಯ ವಿಜ್ಞಾನಿಗಳು ಉಪಯೋಗಕ್ಕೆ ತಂದುಕೊಂಡರು. 1937ರಲ್ಲಿ ಕಾಲ್ಚಿಸಿನ್ ಹಚ್ಚಿ ಗಿಡಗಳ ವರ್ಣತಂತುಗಳನ್ನು (ಕ್ರೋಮೋಸೋಮ್) ಇಮ್ಮಡಿ ಮಾಡಬಹುದೆಂದು ತೋರಿಸಿದ ಮೇಲೆ ತಳಿ ಅಭಿವೃದ್ಧಿಯ ದಾರಿಯೇ ಬದಲಾಯಿತು. ಬೇಸಿಗೆಯಲ್ಲಿ ತಿನ್ನುವ ಬೀಜವಿಲ್ಲದ ಕಲ್ಲಂಗಡಿ ಹುಟ್ಟಿದ್ದೂ ಆ ದಾರಿಯಲ್ಲೇ.

ಕಾಡುಗೆಣಸಿನ ಗೆಡ್ಡೆಗೂ ಇದಕ್ಕೂ ವ್ಯತ್ಯಾಸ ಹೇಗೆ ಹೇಳುವುದು?

ಮಣ್ಣಿನ ಮೇಲಿನ ಬಳ್ಳಿ ನೋಡಿ ಹೇಳಿ, ಅಗೆದ ಮೇಲೆ ಹೇಳುವುದು ಬೇಡ. ಹೆಗ್ಗೆಣಸು, ಕಾಡುಗೆಣಸುಗಳ ಬಳ್ಳಿಯ ಕಾಂಡವೇ ಮರ ಸುತ್ತುತ್ತದೆ. ಬಹುಪಾಲು ಜಾತಿಗಳ ಎಲೆ ಹೃದಯದಾಕಾರ, ನರಗಳ ನಡುವೆ ಬಲೆ. ಶತಾವರಿಯನ್ನು, ಅಂದರೆ ನಮ್ಮವರ ಹಲವು ಮಕ್ಕಳ ತಾಯಿ ಬೇರನ್ನು, ಹುಡುಕುವವರಿಗೂ ಇದೇ ಮಾತು: ಅದರ ಬಳ್ಳಿಯಲ್ಲಿ ಮುಳ್ಳು, ಸೂಜಿಯಂಥ ಎಲೆ.

ಗೌರಿ ಗೆಡ್ಡೆ ಸಾಮಾನ್ಯವಾಗಿ ಬೆರಳು ಗಾತ್ರದಿಂದ ಸ್ವಲ್ಪ ದಪ್ಪ, ಎರಡು ತುದಿಯೂ ಚೂಪು, ನಡುವೆ ಮೊಣಕೈಯಂತೆ ಬಾಗಿರುತ್ತದೆ. ಹೊರಗೆ ಕಂದು, ಒಳಗೆ ಬಿಳಿ. ಆದರೆ ಬೇಸಿಗೆಯಲ್ಲಿ ಮೇಲೆ ಬಳ್ಳಿಯೇ ಇರುವುದಿಲ್ಲ. ಶುಂಠಿಗೆಂದು ಹೊಸ ಜಮೀನು ಹದ ಮಾಡುವಾಗ, ಜೆಸಿಬಿ ಬೇಲಿ ಕಿತ್ತಾಗ ಬರೀ ಗೆಡ್ಡೆ ಮೇಲೆ ಬರುತ್ತದೆ. ಅಪಾಯ ಆಗಲೇ ಹೆಚ್ಚು. ಯಾವ ಬಳ್ಳಿಯದೆಂದು ತಿಳಿಯದ ಗೆಡ್ಡೆ ಅಡುಗೆಮನೆಗೆ ಬರಬಾರದು. ನಾಲಗೆಗೆ ಇಟ್ಟು ಕಹಿ ನೋಡುವ ಪರೀಕ್ಷೆ ಅಂತೂ ಖಂಡಿತ ಬೇಡ.

ಯಾರಾದರೂ ತಿಂದುಬಿಟ್ಟರೆ?

ತಕ್ಷಣ ಆಸ್ಪತ್ರೆಗೆ. ಲಕ್ಷಣ ಕಾಣಿಸುವ ತನಕ ಕಾಯಬೇಡಿ, ಅದು ಶುರುವಾಗಲು ಕೆಲವು ಗಂಟೆಗಳೇ ಬೇಕು. ಗಂಟಲು ಉರಿ, ವಾಂತಿ, ನೀರಿನಂಥ ಭೇದಿ ಶುರುವಾಗುತ್ತದೆ. ನೋಡಿದವರು ‘ಹೊಟ್ಟೆ ಕೆಟ್ಟಿದೆ, ಮಜ್ಜಿಗೆ ಕುಡಿಸಿ’ ಅನ್ನುತ್ತಾರೆ. ಒಂದು ದಿನದ ಮೇಲೆ ಸ್ವಲ್ಪ ತಗ್ಗಿದಂತೆ ಕಂಡು, ಆಮೇಲೆ ಮೂತ್ರಪಿಂಡ, ಹೃದಯ, ಮಜ್ಜೆಗೆ ಹಿಡಿಯುವುದೂ ಉಂಟು. ಇದಕ್ಕೆ ನಮ್ಮ ಆಸ್ಪತ್ರೆಗಳಲ್ಲಿ ಸಿಗುವಂಥ ಪ್ರತಿವಿಷ ಇಲ್ಲ. ಬೇಗ ಸೇರಿಸಿದರೆ ಹೊಟ್ಟೆಯಲ್ಲಿರುವುದು ರಕ್ತಕ್ಕೆ ಹೋಗದಂತೆ ತಡೆಯಲು ನೋಡಬಹುದು, ದೇಹದ ನೀರು ಮತ್ತು ರಕ್ತದೊತ್ತಡ ಹಿಡಿದು ನಿಲ್ಲಿಸಬಹುದು.

ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಉಳಿದ ಗೆಡ್ಡೆಯ ತುಂಡು, ಸಿಕ್ಕರೆ ಎಲೆ, ಒಂದು ಕವರಿನಲ್ಲಿ ಹಾಕಿ ಜೊತೆಗೆ ಒಯ್ಯಿರಿ. ವೈದ್ಯರ ಮುಂದೆ ‘ಗೌರಿ ಹೂವಿನ ಗೆಡ್ಡೆ’ ಅಂದರೆ ಅವರು ಯಾವ ಊರಿನವರೋ ಏನೋ, ಅರ್ಥವಾಗದೆ ಹೋಗಬಹುದು. ‘ಗ್ಲೋರಿಯೋಸಾ, ಕಾಲ್ಚಿಸಿನ್ ಇರುವ ಗೆಡ್ಡೆ’ ಅನ್ನಿ. ಇಷ್ಟು ಹೊತ್ತು ಹೆಸರಿನ ಬಗ್ಗೆ ಕೊರೆದದ್ದು ಈ ಒಂದು ಗಳಿಗೆಗೆ.

ಆಯುರ್ವೇದದಲ್ಲಿ ಇದು ಔಷಧಿ ಅಲ್ಲವೇ?

ಹೌದು, ಜೊತೆಗೆ ಆಯುರ್ವೇದವೇ ಇದನ್ನು ಉಪವಿಷಗಳ ಪಟ್ಟಿಯಲ್ಲಿ ಇಟ್ಟಿದೆ. ಗೋಮೂತ್ರದಂಥ ದ್ರವದಲ್ಲಿ ನೆನೆಸಿ ಶೋಧನೆ, ಅಂದರೆ ವಿಷ ತಗ್ಗಿಸುವ ಶುದ್ಧಿ, ಮಾಡದೆ ಬಳಸುವಂತಿಲ್ಲ. ದೇಶದ ಔಷಧ ನಿಯಮಗಳ ಇ-1 ಅನುಸೂಚಿಯಲ್ಲೂ ವತ್ಸನಾಭಿ, ದತ್ತೂರ, ಗುಲಗಂಜಿಗಳ ಸಾಲಿನಲ್ಲಿ ಲಾಂಗಲಿ ಇದೆ. ಅಂದರೆ ವೈದ್ಯರ ಉಸ್ತುವಾರಿಯಲ್ಲಿ ಮಾತ್ರ ತೆಗೆದುಕೊಳ್ಳಬೇಕಾದ ವಿಷದ್ರವ್ಯ.

ಹೆರಿಗೆ ಸುಲಭವಾಗಲು ಹಚ್ಚುತ್ತಿದ್ದರು ಅಂತ ಅಜ್ಜಿ ಹೇಳುತ್ತಿದ್ದರು. ಹಾವು ಕಚ್ಚಿದರೂ ಅರೆದು ಹಾಕುತ್ತಿದ್ದರಂತೆ?

ಅಜ್ಜಿ ಸುಳ್ಳು ಹೇಳಿಲ್ಲ, ಎರಡೂ ಹಳೆಯ ರೂಢಿ. ಲಾಂಗಲಿಗೆ ‘ಗರ್ಭಪಾತಿನಿ’ ಎಂಬ ಹೆಸರೂ ಇದೆ. ಗರ್ಭ ಇಳಿಸಲು ಗುಟ್ಟಾಗಿ ಇದನ್ನು ತಿಂದು ತಾಯಿಯ ಪ್ರಾಣವೇ ಹೋದ ಸಂಗತಿಗಳು ವೈದ್ಯಕೀಯ ಬರಹಗಳಲ್ಲಿ ಇವೆ. ಹಾವಿನ ವಿಷಕ್ಕೆ ಆಸ್ಪತ್ರೆಯಲ್ಲಿ ಕೊಡುವ ಪ್ರತಿವಿಷದ ಇಂಜೆಕ್ಷನ್ನೇ ಮದ್ದು. ಗೆಡ್ಡೆ ಅರೆಯುವ ಹೊತ್ತಿಗೆ ಗಾಡಿ ಅರ್ಧ ದಾರಿ ಹೋಗಿರಬೇಕು. ಗೆಡ್ಡೆ ಮನೆಯಲ್ಲಿಟ್ಟರೆ ಹಾವು ಬರುವುದಿಲ್ಲ ಅನ್ನುವುದು ಬರೀ ಮಾತು.

ಗೌಟ್ ಎಂಬ ಕೀಲುನೋವಿನ ಕಾಯಿಲೆಗೆ ಕೊಡುವ ಮಾತ್ರೆ ಇದರಿಂದಲೇ ಬರುವುದಂತೆ. ಹಾಗಾದರೆ ಸ್ವಲ್ಪ ಗೆಡ್ಡೆ ತಿಂದರೆ ಕಾಲುನೋವಿಗೆ ಆಗುವುದಿಲ್ಲವೇ?

ಕಾಲ್ಚಿಸಿನ್ ಗೌಟ್‌ಗೆ ಮದ್ದು, ನಿಜ. 1820ರಲ್ಲಿ ಫ್ರಾನ್ಸಿನ ಪೆಲ್ಲೆಟಿಯೇ, ಕವಾಂತು ಎಂಬ ರಸಾಯನಶಾಸ್ತ್ರಜ್ಞರು ಯೂರೋಪಿನ ಕಾಲ್ಚಿಕಮ್ ಗಿಡದಿಂದ ಅದನ್ನು ಮೊದಲು ಬೇರ್ಪಡಿಸಿದರು. ನಮ್ಮ ಗೌರಿ ಹೂ ಅದರ ನೆಂಟ. ಒಂದು ಮಾತ್ರೆಯಲ್ಲಿ ಇರುವುದು ಅರ್ಧ ಮಿಲಿಗ್ರಾಂ. ಮದ್ದಿನ ಪ್ರಮಾಣಕ್ಕೂ ಕೊಲ್ಲುವ ಪ್ರಮಾಣಕ್ಕೂ ನಡುವಿನ ಅಂತರ ಬಹಳ ಕಡಿಮೆ, ಬರೀ ಏಳೆಂಟು ಮಿಲಿಗ್ರಾಮಿಗೇ ಸತ್ತವರಿದ್ದಾರೆ. ಒಂದು ತುಂಡು ಗೆಡ್ಡೆಯಲ್ಲಿ ಎಷ್ಟಿದೆ ಎಂದು ಅಳೆಯುವ ತಕ್ಕಡಿ ಯಾರ ಮನೆಯಲ್ಲೂ ಇಲ್ಲ.

ಬೆಳೆದರೆ ದುಡ್ಡಾಗುತ್ತದೆಯೇ?

ತಮಿಳುನಾಡಿನ ದಿಂಡಿಗಲ್, ಕರೂರು, ತಿರುಪ್ಪೂರು ಜಿಲ್ಲೆಗಳ ಒಣ ಭೂಮಿಯಲ್ಲಿ ಬೀಜಕ್ಕಾಗಿ ಬೆಳೆಯುತ್ತಾರೆ. ಬೀಜ ಔಷಧ ಕಂಪನಿಗಳಿಗೆ, ಹೊರದೇಶಗಳಿಗೆ ಹೋಗುತ್ತದೆ. ಆದರೆ ಆಗ ಹೇಳಿದ ಬಾಗಿದ ಶಲಾಕೆ ನೆನಪಿರಲಿ. ಚಿಟ್ಟೆಗಳನ್ನೇ ನಂಬಿದರೆ ಕಾಯಿ ಕಟ್ಟುವುದು ಸಾಲದು ಎಂದು ಅಲ್ಲಿ ಆಳುಗಳು ಬೆಳಗ್ಗೆ ಸಾಲಿನಲ್ಲಿ ನಡೆದು ಹೂ ಹೂವಿಗೂ ಕೈಯಿಂದ ಪರಾಗ ಮುಟ್ಟಿಸುತ್ತಾರೆ. ಬಿತ್ತನೆ ಗೆಡ್ಡೆ ದುಬಾರಿ, ಚಪ್ಪರದ ಖರ್ಚು ಬೇರೆ, ಬೆಲೆ ವರ್ಷದಿಂದ ವರ್ಷಕ್ಕೆ ಏರಿಳಿಯುತ್ತದೆ. ಕಾಫಿ ಕೊಯ್ಲಿಗೇ ಆಳು ಸಿಗದ ನಮ್ಮ ಕಡೆ ಇದಕ್ಕೆ ಕೈ ಹಾಕುವವರು ಮೊದಲು ಕೊಳ್ಳುವವರನ್ನು ಗೊತ್ತು ಮಾಡಿಕೊಳ್ಳಿ. ಮಳೆ ಜಾಸ್ತಿಯಾಗಿ ನೀರು ನಿಂತರೆ ಗೆಡ್ಡೆ ಕೊಳೆಯುತ್ತದೆ, ಮೂಡಿಗೆರೆಯಂಥ ಕಡೆ ನಾನಂತೂ ಸಲಹೆ ಮಾಡುವುದಿಲ್ಲ.

ಮನೆ ಮುಂದೆ ಒಂದು ಬಳ್ಳಿ ಹಬ್ಬಿಸುವ ಆಸೆ. ಹೇಗೆ ನೆಡುವುದು?

ಮಗು, ನಾಯಿಮರಿ ಇಲ್ಲದ ಮನೆಯಾದರೆ ನೆಡಿ. ನರ್ಸರಿಯಲ್ಲಿ ಗೆಡ್ಡೆ ಕೇಳಿ ತನ್ನಿ. ಕೈಗವಸು ಹಾಕಿಕೊಂಡು, ನೀರು ಬಸಿಯುವ ಮಣ್ಣಿನಲ್ಲಿ ಎರಡು ಇಂಚು ಆಳಕ್ಕೆ ಅಡ್ಡಲಾಗಿ ಮಲಗಿಸಿ. ಮೊಳಕೆ ಬರುವುದು ಗೆಡ್ಡೆಯ ಚೂಪು ತುದಿಯಿಂದ, ಅದು ಮುರಿದರೆ ಆ ಕಡೆಯಿಂದ ಚಿಗುರು ಬರುವುದಿಲ್ಲ. ಬೀಜದಿಂದಲೂ ಬೆಳೆಸಬಹುದು, ಹೂ ನೋಡಲು ಕೆಲವು ವರ್ಷ ತಾಳ್ಮೆ ಬೇಕು. ಚಳಿಗಾಲದಲ್ಲಿ ಬಳ್ಳಿ ಒಣಗಿದಾಗ ಸತ್ತಿತೆಂದು ಕುಂಡ ಕವುಚಬೇಡಿ.

ಕಾಡಿನಿಂದ ಗೆಡ್ಡೆ ಕಿತ್ತು ತರಬಹುದೇ?

ಬೇಡ. ಭದ್ರಾ ಅಭಯಾರಣ್ಯದಂಥ ಜಾಗದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಗಿಡ ಕೀಳುವುದೂ ಅಪರಾಧ. ಬೇರೆ ಕಡೆಯೂ ಔಷಧಿಗೆಂದು ಗೆಡ್ಡೆ ಅಗೆಯುವವರ ಕಾಟಕ್ಕೆ ಹಲವು ಊರುಗಳಲ್ಲಿ ಬಳ್ಳಿ ಕಡಿಮೆಯಾಗಿದೆ. ಹೂ ಕೊಯ್ದರೆ ಮುಂದಿನ ವರ್ಷ ಮತ್ತೆ ಬರುತ್ತದೆ, ಗೆಡ್ಡೆ ಕಿತ್ತರೆ ಆ ಬೇಲಿಯಲ್ಲಿ ಅದು ಮುಗಿಯಿತು.

ತಮಿಳುನಾಡಿನ ರಾಜ್ಯ ಹೂವೂ ಇದೇನಾ?

ಹೌದು. ಅಲ್ಲಿ ಸೆಂಗಾಂದಳ್, ಕಾರ್ತಿಗೈ ಪೂ. ಆಫ್ರಿಕಾದಲ್ಲೂ ಇದು ಸಹಜವಾಗಿ ಬೆಳೆಯುತ್ತದೆ, ಜಿಂಬಾಬ್ವೆಯ ರಾಷ್ಟ್ರೀಯ ಹೂ ಕೂಡ. ಆ ದೇಶ ಇನ್ನೂ ದಕ್ಷಿಣ ರೊಡೇಷಿಯಾ ಆಗಿದ್ದ 1947ರಲ್ಲಿ ಭೇಟಿ ಕೊಟ್ಟ ರಾಜಕುಮಾರಿ ಎಲಿಜಬೆತ್‌ಗೆ ಇದೇ ಹೂವಿನ ಆಕಾರದ, ಬಟ್ಟೆಗೆ ಸಿಕ್ಕಿಸುವ ವಜ್ರದ ಬ್ರೂಚನ್ನು ಉಡುಗೊರೆ ಕೊಟ್ಟಿದ್ದರು. ನಮ್ಮಲ್ಲಿ ಗೌರಮ್ಮನಿಗೆ ಪುಕ್ಕಟೆ.

ದನ ಮೇಯುವ ಜಾಗದಲ್ಲಿ ಬೆಳೆದಿದೆ. ತೆಗೆಸಬೇಕೇ?

ದನಗಳಿಗೂ ಇದು ವಿಷವೇ. ಬೇಲಿಯಲ್ಲಿ ಹಬ್ಬಿಕೊಂಡಿರುವಷ್ಟು ದಿನ ಹಸಿರು ಮೇವು ಬೇಕಾದಷ್ಟು ಇರುವುದರಿಂದ ದನಗಳು ಸಾಮಾನ್ಯವಾಗಿ ಇದರ ಗೊಡವೆಗೆ ಹೋಗುವುದಿಲ್ಲ. ತೊಂದರೆ ಆಗುವುದು ಬೇಲಿ ಸವರಿದ ಮೇಲೆ: ಕಡಿದ ಬಳ್ಳಿ ಬಾಡಿ ಹುಲ್ಲಿನ ಜೊತೆ ಸೇರಿ ಕೊಟ್ಟಿಗೆಗೆ ಬರುತ್ತದೆ. ಹುಲ್ಲು ಕೊಯ್ಯುವವರಿಗೆ ಎಲೆಯ ಸುರುಳಿ ತುದಿ ತೋರಿಸಿ ಇದನ್ನು ಬೇರೆ ಹಾಕಲು ಹೇಳಿ. ಕರು ಕಟ್ಟುವ ಜಾಗದ ಹತ್ತಿರ ಇದ್ದರೆ ಗೆಡ್ಡೆ ಸಮೇತ ತೆಗೆದು, ದನ ಹೋಗದ ಬೇಲಿಯ ಮೂಲೆಯಲ್ಲಿ ಹೂತುಬಿಡಿ, ಅಲ್ಲೇ ಚಿಗುರಿಕೊಳ್ಳುತ್ತದೆ.